ಹಳೇ ಬೇಸ್ ಆಂಪ್ ಗುಂಯ್ ಅನ್ನುತ್ತಿದೆ

ಪ್ರಶ್ನೆ: ನಮ್ಮ ಆರ್ಕೆಸ್ಟ್ರಾದಲ್ಲಿ 1970ರ ದಶಕದ ಟ್ರಾನ್ಸಿಸ್ಟರ್ ಬೇಸ್ ಆಂಪ್ (ಬೇಸ್ ಗಿಟಾರಿನ ಆಂಪ್ಲಿಫೈಯರ್) ಇದೆ. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಗುಂಯ್ ಅನ್ನುತ್ತದೆ. ರಿಪೇರಿ ಆಗುತ್ತಾ? – ಓದುಗರು, ಮಾಲೂರು

ಉತ್ತರ: ಆಗುತ್ತದೆ, ದಯವಿಟ್ಟು ಗುಜರಿಗೆ ಹಾಕಬೇಡಿ. ತುಮಕೂರಿನ ನನ್ನ ಮೇಜಿನ ಮೇಲೆ ಇಂಥದ್ದು ಈಗಲೂ ಒಂದಿದೆ. ವಾಲ್ಯೂಮ್ ಇಳಿಸಿದರೂ ಸದ್ದು ನಿಲ್ಲದಿದ್ದರೆ ವೈರು, ಗಿಟಾರ್ ಸುಮ್ನೆ ಬೈಸಿಕೊಳ್ಳುತ್ತಿವೆ. ಪವರ್ ಸಪ್ಲೈನಲ್ಲಿ ಕರೆಂಟಿನ ಏರಿಳಿತ ಸಮ ಮಾಡುವ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳು ಒಣಗಿರುವ ಸಾಧ್ಯತೆ ಜಾಸ್ತಿ. ನಮ್ಮ ಕರೆಂಟು 50 ಹರ್ಟ್ಸ್. ಎ.ಸಿ.ಯನ್ನು ಡಿ.ಸಿ. ಮಾಡುವ ರೆಕ್ಟಿಫೈಯರ್ ದಾಟಿದ ಮೇಲೆ ಅದು 100 ಹರ್ಟ್ಸ್ ಗುಂಯ್ ಆಗಿ ಕೇಳುತ್ತದೆ.

ಮೊದಲು ಸ್ಪೀಕರ್ ಬಿಚ್ಚಿಡಿ. ಟ್ರಾನ್ಸಿಸ್ಟರ್ ಆಂಪ್‌ಗೆ ಇದರಿಂದ ತೊಂದರೆ ಇಲ್ಲ, ಗಾಜಿನ ವಾಲ್ವ್ ಇರುವ ಆಂಪ್‌ಗೆ ಮಾತ್ರ ಹಾಗೆ ಮಾಡಬಾರದು. 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಆಂಪ್‌ಗೆ ಕರೆಂಟು ಬರುವ ದಾರಿಯಲ್ಲಿ ಸೀರೀಸ್‌ನಲ್ಲಿ ಹಾಕಿ ಆನ್ ಮಾಡಿ. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಔಟ್‌ಪುಟ್ ಟ್ರಾನ್ಸಿಸ್ಟರ್ ನೋಡಿ. ಆಮೇಲೆ ಆಂಪ್‌ನಲ್ಲಿ ಸ್ಪೀಕರ್ ಜೋಡಿಸುವ ತುದಿಗಳಲ್ಲಿ ಡಿ.ಸಿ. ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟ್ ಒಳಗಿರಲಿ. ಕೆಲವು ವೋಲ್ಟ್ ಬಂದರೆ ಸ್ಪೀಕರ್ ಜೋಡಿಸಲೇಬೇಡಿ, ಕಾಯಿಲ್ ಸುಟ್ಟುಹೋಗುತ್ತದೆ. ಒಳ್ಳೆಯ ಹಳೇ ಸ್ಪೀಕರ್ ಮತ್ತೆ ಸಿಗುವುದು ಕಷ್ಟ ಅಲ್ವಾ?

ಕೆಪಾಸಿಟರ್ ಬದಲಿಸುವಾಗ ವೋಲ್ಟ್ ರೇಟಿಂಗ್ ಮೊದಲಿನಷ್ಟೇ ಅಥವಾ ಜಾಸ್ತಿ ಇರಲಿ. ಪ್ಲಸ್ ಮೈನಸ್ ತಪ್ಪಬಾರದು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಎರಡೂ ತುದಿಗಳ ನಡುವೆ ರೆಸಿಸ್ಟರ್ ಇಟ್ಟು ಚಾರ್ಜ್ ಇಳಿಸಿ, ಮೀಟರ್‌ನಲ್ಲಿ ಸೊನ್ನೆ ನೋಡಿಯೇ ಕೈ ಹಾಕಿ. ಅಭ್ಯಾಸ ಇಲ್ಲದಿದ್ದರೆ ಇಷ್ಟನ್ನೂ ಬಲ್ಲವರ ಮುಂದೆಯೇ ಮಾಡಿ.