ಗಣಕದೊಳಗಿನ ಗಣಕಕ್ಕೆ ಬೇರೆ ಪರವಾನಗಿ ಬೇಕೇ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನೊಂದಿಗೇ ಬಂದ ವಿಂಡೋಸ್ 11 ಸರಿಯಾಗಿ ಆಕ್ಟಿವೇಟ್ ಆಗಿದೆ. ತಂತ್ರಾಂಶವೊಂದನ್ನು ಪರೀಕ್ಷಿಸಲು ಅದರಲ್ಲೇ ವರ್ಚುವಲ್ ಮಷೀನ್ (ತಂತ್ರಾಂಶವೇ ರೂಪಿಸುವ, ಗಣಕದೊಳಗಿನ ಗಣಕ) ಸಿದ್ಧಪಡಿಸಿ ಮತ್ತೊಮ್ಮೆ ವಿಂಡೋಸ್ ಹಾಕಿದೆ. ಅದು ಮಾತ್ರ ಆಕ್ಟಿವೇಟ್ ಆಗುತ್ತಿಲ್ಲ. ಯಂತ್ರ ಒಂದೇ ಇರುವಾಗ ಹೀಗೇಕೆ?

ಉತ್ತರ: ಮೇಜಿನ ಮೇಲೆ ಇರುವುದು ಒಂದೇ ಯಂತ್ರವಾದರೂ ವಿಂಡೋಸ್‌ನ ಲೆಕ್ಕದಲ್ಲಿ ಅವು ಎರಡು. 2001ರ ವಿಂಡೋಸ್ ಎಕ್ಸ್‌ಪಿಯಿಂದಲೂ ಆಕ್ಟಿವೇಶನ್ ವ್ಯವಸ್ಥೆಯು ಯಂತ್ರದ ಬಿಡಿಭಾಗಗಳ ವಿವರಗಳಿಂದ ಒಂದು ಗುರುತನ್ನು ರೂಪಿಸಿ, ಅದನ್ನು ಪರವಾನಗಿಯ ಕೀಗೆ ತಳಕು ಹಾಕುತ್ತ ಬಂದಿದೆ. ವರ್ಚುವಲ್ ಮಷೀನ್‌ನ ಒಳಗಿರುವ ವಿಂಡೋಸ್‌ಗೆ ನಿಮ್ಮ ನಿಜವಾದ ಮದರ್‌ಬೋರ್ಡ್ ಕಾಣುವುದಿಲ್ಲ. ತಂತ್ರಾಂಶವೇ ಸೃಷ್ಟಿಸಿದ ಮದರ್‌ಬೋರ್ಡ್, ಡಿಸ್ಕ್, ನೆಟ್‌ವರ್ಕ್ ಕಾರ್ಡ್‌ಗಳು ಕಾಣುತ್ತವೆ. ತಯಾರಕರು ಲ್ಯಾಪ್‌ಟಾಪ್‌ನ ಫರ್ಮ್‌ವೇರ್‌ನಲ್ಲಿ (ಮದರ್‌ಬೋರ್ಡ್‌ನ ಚಿಪ್‌ನಲ್ಲೇ ಇರುವ ಮೂಲ ತಂತ್ರಾಂಶದಲ್ಲಿ) ಬರೆದಿಟ್ಟ ಕೀ ಸಹ ಸಾಮಾನ್ಯವಾಗಿ ಅದರ ಕಣ್ಣಿಗೆ ಬೀಳದು.

ಆ ಕೀಯನ್ನು ಹೊರತೆಗೆದು ಒಳಗಿನ ಯಂತ್ರಕ್ಕೆ ಒದಗಿಸುವ ಉಪಾಯಗಳು ಹರಿದಾಡುತ್ತಿವೆ. ದಯವಿಟ್ಟು ಅವುಗಳ ಮೊರೆ ಹೋಗಬೇಡಿ. ಆಕ್ಟಿವೇಟ್ ಆದ ಮಾತ್ರಕ್ಕೆ ಬಳಸುವ ಹಕ್ಕು ದೊರೆಯುವುದಿಲ್ಲ. ಒಂದು ಪರವಾನಗಿ ಒಂದು ಸ್ಥಾಪನೆಗಷ್ಟೇ ಸಲ್ಲುತ್ತದೆ, ಅದು ಭೌತಿಕ ಯಂತ್ರದಲ್ಲಿರಲಿ, ವರ್ಚುವಲ್ ಯಂತ್ರದಲ್ಲಿರಲಿ. ಯಂತ್ರದೊಂದಿಗೆ ಬಂದ ಓಇಎಂ ಪರವಾನಗಿ ಆ ಯಂತ್ರಕ್ಕೇ ಕಟ್ಟುಬಿದ್ದಿರುತ್ತದೆ. ಬಿಡಿಯಾಗಿ ಕೊಂಡ ರಿಟೇಲ್ ಪರವಾನಗಿಯನ್ನಾದರೆ ಹಳೆಯ ಕಡೆಯಿಂದ ತೆಗೆದು ವರ್ಚುವಲ್ ಮಷೀನ್‌ಗೆ ವರ್ಗಾಯಿಸಬಹುದು. ನಿಮ್ಮ ಉದ್ದೇಶ ಪರೀಕ್ಷೆಯಷ್ಟೇ ಆಗಿರುವುದರಿಂದ, ಮೈಕ್ರೋಸಾಫ್ಟ್ ಉಚಿತವಾಗಿ ನೀಡುವ, 90 ದಿನ ನಡೆಯುವ ಎಂಟರ್‌ಪ್ರೈಸ್ ಮೌಲ್ಯಮಾಪನ ಆವೃತ್ತಿಯೇ ಸಾಕಾದೀತು.

ಮುಂದೆ ಈ ವರ್ಚುವಲ್ ಮಷೀನ್‌ನ ಕಡತಗಳನ್ನು ಬೇರೆಡೆಗೆ ಒಯ್ದಾಗ ವಿಎಂವೇರ್‌ನಂತಹ ತಂತ್ರಾಂಶ, ಇದನ್ನು ಸ್ಥಳಾಂತರಿಸಿದಿರೋ ನಕಲು ಮಾಡಿದಿರೋ ಎಂದು ಕೇಳುತ್ತದೆ. ನಕಲು ಎಂದರೆ ಹೊಸ ಗುರುತು ಹುಟ್ಟುತ್ತದೆ, ಆಗ ಆಕ್ಟಿವೇಶನ್ ಮತ್ತೆ ತಕರಾರು ತೆಗೆಯಬಹುದು. ಆದ್ದರಿಂದ ನಡೆದದ್ದನ್ನೇ ತಿಳಿಸಿ.

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ 15 ಗಣಕಗಳೂ ಒಂದೇ ಮಾದರಿಯಿಂದ ನಕಲಿಸಿದ 14 ವರ್ಚುವಲ್ ಮಷೀನ್‌ಗಳೂ ಇವೆ. ಸಂಸ್ಥೆಯೊಳಗಿನ ಗಣಕಗಳನ್ನು ಆಕ್ಟಿವೇಟ್ ಮಾಡುವ ಕೆಎಂಎಸ್ ಸರ್ವರ್‌ಗೆ 25 ಯಂತ್ರಗಳಾದರೆ ಸಾಕು ಎನ್ನುತ್ತಾರೆ. ಒಟ್ಟು 29 ಇದ್ದರೂ ಒಂದೂ ಆಕ್ಟಿವೇಟ್ ಆಗಿಲ್ಲ.

ಉತ್ತರ: ಕೆಎಂಎಸ್ ವರ್ಚುವಲ್ ಮಷೀನ್‌ಗಳನ್ನೂ ಎಣಿಸುತ್ತದೆ, ಆದರೆ ಅದು ಎಣಿಸುವುದು ಪ್ರತಿ ಸ್ಥಾಪನೆಗೂ ಇರಬೇಕಾದ ಪ್ರತ್ಯೇಕ ಗುರುತು ಸಂಖ್ಯೆಗಳನ್ನು. ವಿಂಡೋಸ್‌ನದೇ ಸಿಸ್‌ಪ್ರೆಪ್ ಸಾಧನ ಬಳಸಿ ಜನರಲೈಜ್ ಮಾಡದೆ (ಅಂದರೆ ಆ ಪ್ರತ್ಯೇಕ ಗುರುತನ್ನು ಅಳಿಸದೆ) ನಕಲಿಸಿದ್ದರೆ ನಿಮ್ಮ 14 ಯಂತ್ರಗಳೂ ಒಂದೇ ಗುರುತನ್ನು ಹೊತ್ತಿರುತ್ತವೆ, ಸರ್ವರ್‌ನ ಲೆಕ್ಕ 16ಕ್ಕೇ ನಿಲ್ಲುತ್ತದೆ. ಮಾದರಿ ಯಂತ್ರವನ್ನು ಜನರಲೈಜ್ ಮಾಡಿ ನಕಲುಗಳನ್ನು ಹೊಸದಾಗಿ ತೆಗೆಯುವುದೇ ನನಗೆ ಸರಿಯೆನಿಸುವ ದಾರಿ. ಈಗಾಗಲೇ ಬಳಕೆಯಲ್ಲಿರುವವನ್ನು ಅಳಿಸಲಾಗದಿದ್ದರೆ ಪ್ರತಿಯೊಂದರಲ್ಲೂ ಆ ಗುರುತನ್ನು ಹೊಸದಾಗಿಸುವ ರೀಆರ್ಮ್ ಆದೇಶ ನೀಡಿ ಮರುಚಾಲನೆ ಮಾಡಿ. ಕೆಎಂಎಸ್ ಆಕ್ಟಿವೇಶನ್‌ನ ಅವಧಿ 180 ದಿನ, ನವೀಕರಣದ ಪ್ರಯತ್ನ 7 ದಿನಕ್ಕೊಮ್ಮೆ ತಾನಾಗಿಯೇ ನಡೆಯುತ್ತದೆ. ಹಾಗಾಗಿ ವರ್ಚುವಲ್ ಮಷೀನ್‌ಗಳಿಂದ ಸರ್ವರ್‌ನ 1688ನೇ ಪೋರ್ಟ್‌ಗೆ ದಾರಿ ಸದಾ ತೆರೆದಿರುವಂತೆ ನೋಡಿಕೊಳ್ಳಿ.