ಎಂಟು–ಸೊನ್ನೆ ಸರಿ, ಉಳಿದ 128 ಮ್ಯಾಚು?

ಓದುಗರ ಪತ್ರ: ‘ಕಳೆದ ಸಂಚಿಕೆಯಲ್ಲಿ ಭಾರತ–ಪಾಕಿಸ್ತಾನ ಏಕದಿನ ಪಂದ್ಯಗಳ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. “ಸಮಬಲರ ಕಾದಾಟ” ಅಂತ ಹೆಡ್ಡಿಂಗ್ ಬೇರೆ. ವಿಶ್ವಕಪ್‌ನಲ್ಲಿ 8–0 ಇರುವಾಗ ಎಲ್ಲಿಯ ಸಮಬಲ? ನನಗೆ 20 ವರ್ಷ. ಪಾಕಿಸ್ತಾನ ಗೆದ್ದದ್ದು ನೋಡಿದ ನೆನಪೇ ಸರಿಯಾಗಿಲ್ಲ. ಆದರೂ ನಮ್ಮ ಅಪ್ಪ ಮ್ಯಾಚು ಶುಕ್ರವಾರವಾ ಅಂತ ಕ್ಯಾಲೆಂಡರ್ ನೋಡುತ್ತಾರೆ. ಕೊನೆಯ ಓವರ್‌ಗಳು ಬಂದರೆ ಅಜ್ಜ ಎದ್ದು ತೋಟಕ್ಕೆ ಹೋಗುತ್ತಾರೆ. ಇಷ್ಟು ಹೆದರಿಕೆ ಯಾಕೆ? ಆ ನಾಲ್ಕು ಪುಟ ನಮ್ಮ ಊರಿನ ಅಂಡರ್‌ಆರ್ಮ್ ಟೂರ್ನಮೆಂಟುಗಳಿಗೆ ಕೊಡಬಹುದಿತ್ತು, ಅಲ್ವಾ?’ – ಓದುಗರೊಬ್ಬರು, ಸುರತ್ಕಲ್

ಸಂಪಾದಕರ ಉತ್ತರ:

ನಿಮ್ಮ 8–0 ಲೆಕ್ಕ ಸರಿಯಾಗಿದೆ. 1992ರ ಸಿಡ್ನಿಯಿಂದ 2023ರ ಅಹಮದಾಬಾದ್‌ವರೆಗೆ, ಏಕದಿನ ವಿಶ್ವಕಪ್‌ನಲ್ಲಿ ಎದುರಾದ ಎಂಟು ಸಲವೂ ಗೆದ್ದದ್ದು ಭಾರತವೇ. ಈಗ ಇನ್ನೊಂದು ಲೆಕ್ಕ ನೋಡಿ. 2025ರ ಫೆಬ್ರವರಿಯಲ್ಲಿ ದುಬೈಯಲ್ಲಿ ಆಡಿದ ಚಾಂಪಿಯನ್ಸ್ ಟ್ರೋಫಿ ಪಂದ್ಯದವರೆಗೆ ಎರಡೂ ತಂಡಗಳ ನಡುವೆ 136 ಏಕದಿನ ಪಂದ್ಯಗಳಾಗಿವೆ. ಪಾಕಿಸ್ತಾನ ಗೆದ್ದದ್ದು 73. ನಾವು 58. ಐದಕ್ಕೆ ಫಲಿತಾಂಶವಿಲ್ಲ. ಹೌದು ಮಾರಾಯ್ರೆ, ಹಿಂದೆ ಇರುವುದು ನಾವೇ, ಅದೂ 15 ಪಂದ್ಯ. ನೀವು ಎಣಿಸಿದ್ದು ಎಂಟು. ನಿಮ್ಮ ಅಜ್ಜನ ತಲೆಯಲ್ಲಿರುವುದು ಉಳಿದವು.

ಶುಕ್ರವಾರ ಆಡಿದರೆ ನಮಗೆ ಸೋಲು ಅನ್ನುವ ಕಥೆ ಗಲ್ಫ್‌ನ ಶಾರ್ಜಾದ್ದು. ಅದಕ್ಕೆ ಕಾರಣ ತೀರಾ ಸಾದಾ. ಆಗ ಅಲ್ಲಿ ವಾರದ ರಜೆ ಶುಕ್ರವಾರ. ಗ್ಯಾಲರಿ ತುಂಬಬೇಕಾದರೆ ದೊಡ್ಡ ಮ್ಯಾಚನ್ನು ರಜೆಯ ದಿನವೇ ಇಡಬೇಕು. ಸೋತದ್ದು ಜಾಸ್ತಿ, ಸೋತದ್ದು ಶುಕ್ರವಾರ, ಹಾಗಾಗಿ ತಪ್ಪೆಲ್ಲ ವಾರದ ಮೇಲೆ ಬಂತು. ಆದರೆ 1984ರ ಏಪ್ರಿಲ್ 13ರಂದು ಮೊದಲ ಏಷ್ಯಾ ಕಪ್‌ನಲ್ಲಿ ನಾವು ಅದೇ ಶಾರ್ಜಾದಲ್ಲಿ ಪಾಕಿಸ್ತಾನವನ್ನು 54 ರನ್‌ಗಳಿಂದ ಸೋಲಿಸಿದ್ದೆವು. ಅದು ಶುಕ್ರವಾರ. 1985ರ ಮಾರ್ಚ್ 22ರಂದು ಇಮ್ರಾನ್ ಖಾನ್ 14 ರನ್‌ಗೆ ಆರು ವಿಕೆಟ್ ಕಿತ್ತು ನಮ್ಮನ್ನು 125ಕ್ಕೆ ಮುಗಿಸಿದರು. ತಿರುಗಿ ನಾವು ಅವರನ್ನು 87ಕ್ಕೆ ಮುಗಿಸಿದೆವು. ಅದೂ ಶುಕ್ರವಾರವೇ. ಅಪ್ಪನಿಗೆ ಇದನ್ನು ತೋರಿಸಿ. ಒಪ್ಪುವುದಿಲ್ಲ, ನನಗೆ ಗೊತ್ತು.

ಯಾಕೆಂದರೆ ಅವರ ನೆನಪಿನಲ್ಲಿರುವುದು 1986ರ ಏಪ್ರಿಲ್ 18. ಶಾರ್ಜಾದಲ್ಲೇ ಆಸ್ಟ್ರಲ್–ಏಷ್ಯಾ ಕಪ್ ಫೈನಲ್. ನಮ್ಮದು 245, ಗವಾಸ್ಕರ್ 92. ಕೊನೆಯ ಚೆಂಡಿಗೆ ಪಾಕಿಸ್ತಾನಕ್ಕೆ ನಾಲ್ಕು ರನ್ ಬೇಕು, ಕೈಯಲ್ಲಿ ಇರುವುದು ಒಂದೇ ವಿಕೆಟ್. ಚೇತನ್ ಶರ್ಮಾ ಕಾಲಿನ ಬುಡಕ್ಕೆ ಯಾರ್ಕರ್ ಹಾಕಲು ಹೋದರು, ಅದು ನೆಲಕ್ಕೆ ಬೀಳದೆ ಫುಲ್‌ಟಾಸ್ ಆಯಿತು. ಜಾವೇದ್ ಮಿಯಾಂದಾದ್ ಸಿಕ್ಸರ್ ಎತ್ತಿದರು. ಮರುವರ್ಷ ಇದೇ ಚೇತನ್ ಶರ್ಮಾ ವಿಶ್ವಕಪ್‌ನ ಮೊತ್ತಮೊದಲ ಹ್ಯಾಟ್ರಿಕ್ ತೆಗೆದರು. ಆದರೂ ಜನ ಕೇಳುವುದು ಆ ಒಂದು ಚೆಂಡಿನ ಬಗ್ಗೆಯೇ. ಪಾಪ.

ನಮ್ಮ ಕರಾವಳಿಗೆ ಆ ಸಿಕ್ಸರ್ ಬೇರೆ ಊರಿನವರಿಗಿಂತ ಸ್ವಲ್ಪ ಜಾಸ್ತಿಯೇ ತಾಗಿತು ಅಂತ ನನ್ನ ಅಭಿಪ್ರಾಯ. ಮಂಗಳೂರು–ಉಡುಪಿಯಲ್ಲಿ ಬೀದಿಗೆ ಒಂದೆರಡು ಮನೆಯವರಾದರೂ ಗಲ್ಫ್‌ನಲ್ಲಿದ್ದ ಕಾಲ ಅದು. ಶಾರ್ಜಾ ಅಂದರೆ ಅಣ್ಣನೋ ಮಾವನೋ ಕೆಲಸಕ್ಕೆ ಇರುವ ಊರು. ಗ್ಯಾಲರಿಯಲ್ಲಿ ನಮ್ಮವರು, ಪಕ್ಕದಲ್ಲೇ ಪಾಕಿಸ್ತಾನದವರು. ಮರುದಿನ ಬೆಳಿಗ್ಗೆ ಇಬ್ಬರೂ ಒಂದೇ ಗಾಡಿಯಲ್ಲಿ ಕೆಲಸಕ್ಕೆ. ಸೋತವನು ಸಂಜೆವರೆಗೆ ಬಾಯಿ ಮುಚ್ಚಿ ಕೂರಬೇಕು. ರಜೆಯಲ್ಲಿ ಊರಿಗೆ ಬಂದಾಗ ಸೆಂಟ್ ಬಾಟಲಿ, ಟೇಪ್‌ರೆಕಾರ್ಡರ್ ಜೊತೆ ಆ ಕಥೆಯೂ ಬರುತ್ತಿತ್ತು. ಪೇಪರಿನಲ್ಲಿ ಒಂದು ದಿನ ಓದಿ ಮರೆಯಬೇಕಾದ ಸೋಲನ್ನು ನಮ್ಮ ಮನೆಗಳಲ್ಲಿ ವರ್ಷಗಟ್ಟಲೆ ಕೇಳಬೇಕಾಯಿತು. 1991ರಲ್ಲಿ ಅಲ್ಲೇ ಇನ್ನೊಂದು ಫೈನಲ್. ಆಕಿಬ್ ಜಾವೇದ್‌ಗೆ ಏಳು ವಿಕೆಟ್. ರವಿ ಶಾಸ್ತ್ರಿ, ಅಜರುದ್ದೀನ್, ಸಚಿನ್ ಮೂವರೂ ಸಾಲಾಗಿ ಎಲ್‌ಬಿಡಬ್ಲ್ಯೂ. ಅದೂ ಶುಕ್ರವಾರ ಅಂತ ಬೇರೆ ಹೇಳಬೇಕಾ?

ಅಜ್ಜ ಸರಿಯಾಗಿ ಕೊನೆಯ ಓವರ್‌ಗಳಿಗೇ ಯಾಕೆ ಏಳುತ್ತಾರೆ? ಇದಕ್ಕೆ ಕ್ರಿಕೆಟ್ಟಿನ ಒಳಗೇ ಉತ್ತರ ಉಂಟು. ಆ ಕಾಲದ ಹೆಚ್ಚಿನ ಮ್ಯಾಚುಗಳಲ್ಲಿ ಇಡೀ ಇನ್ನಿಂಗ್ಸ್‌ಗೆ ಒಂದೇ ಚೆಂಡು. 40 ಓವರ್ ಆಗುವಾಗ ಅದರ ಒಂದು ಮೈ ಉಜ್ಜಿ ಉಜ್ಜಿ ನುಣುಪು, ಇನ್ನೊಂದು ಮೈ ಒರಟು. ಆಗ ರಿವರ್ಸ್ ಸ್ವಿಂಗ್ ಶುರು. ಹೊರಗೆ ಹೋಗುತ್ತದೆ ಅಂದುಕೊಂಡ ಚೆಂಡು ಒಳಗೆ ತಿರುಗಿ ನೇರ ಕಾಲಿನ ಬುಡಕ್ಕೆ. ವಾಸಿಂ ಅಕ್ರಂ, ವಕಾರ್ ಯೂನಿಸ್ ಇದರಲ್ಲಿ ಪಳಗಿದವರು. ಆರು ವಿಕೆಟ್ ಕೈಯಲ್ಲಿದ್ದು ಓವರಿಗೆ ಆರು ರನ್ ಬೇಕಾಗಿದ್ದರೂ ನಮಗೆ ಧೈರ್ಯ ಇರಲಿಲ್ಲ. 2011ರಿಂದ ಎರಡು ತುದಿಗೆ ಎರಡು ಹೊಸ ಚೆಂಡು ಬಂತು. ಚೆಂಡು ಹಳತಾಗುವುದೇ ಕಡಿಮೆಯಾಯಿತು, ಆ ವಿದ್ಯೆಯ ಹಲ್ಲು ಅರ್ಧ ಕಿತ್ತ ಹಾಗಾಯಿತು. ನೀವು ಕ್ರಿಕೆಟ್ ನೋಡಲು ಶುರು ಮಾಡಿದ್ದೇ ಅದರ ನಂತರ. 2025ರ ಜುಲೈಯಿಂದ 34 ಓವರ್ ಆದ ಮೇಲೆ ಮತ್ತೆ ಒಂದೇ ಚೆಂಡು. ಅಜ್ಜನಿಗೆ ಇದನ್ನು ಸದ್ಯ ಹೇಳಬೇಡಿ.

ಈ ಹೆದರಿಕೆ ಮೊದಲ ಸಲ ಬಿಟ್ಟದ್ದು 1996ರ ಮಾರ್ಚ್ 9ರಂದು, ಬೆಂಗಳೂರಿನಲ್ಲಿ. ವಿಶ್ವಕಪ್ ಕ್ವಾರ್ಟರ್ ಫೈನಲ್. ನಮ್ಮ ವೆಂಕಟೇಶ್ ಪ್ರಸಾದ್ ಅವರ ಆಮಿರ್ ಸೊಹೈಲ್‌ರನ್ನು ಬೌಲ್ಡ್ ಮಾಡಿದ ಕ್ಲಿಪ್ ನೀವು ಬೇಕಾದಷ್ಟು ಸಲ ನೋಡಿರುತ್ತೀರಿ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅಜಯ್ ಜಡೇಜಾರ 25 ಚೆಂಡಿನ 45 ರನ್. ಅದೇ ವಕಾರ್, ಅದೇ ಕೊನೆಯ ಓವರ್‌ಗಳು, ಈ ಸಲ ಏಟು ತಿಂದದ್ದು ಅವರು. 39 ರನ್‌ಗಳಿಂದ ಗೆದ್ದೆವು. ಹಾಗಂತ ಎಲ್ಲ ಸರಿಹೋಯಿತು ಅಂತಲ್ಲ. ಮರುವರ್ಷ ಚೆನ್ನೈಯಲ್ಲಿ ಸಯೀದ್ ಅನ್ವರ್ 194 ಹೊಡೆದರು. 1999ರಲ್ಲಿ ಅದೇ ಬೆಂಗಳೂರಿನ ಪೆಪ್ಸಿ ಕಪ್ ಫೈನಲ್‌ನಲ್ಲಿ 123 ರನ್‌ಗಳಿಂದ ಸೋತೆವು. ವಿಶ್ವಕಪ್‌ನಲ್ಲಿ ಹುಲಿ, ಬೇರೆ ಕಡೆ ಇಲಿ. ಆಗ ಜನ ಹೀಗೇ ಬೈಯುತ್ತಿದ್ದರು.

ಆಮೇಲೆ ನಾವು ಸುಧಾರಿಸಿದ್ದು ನಿಜ. ಅದರ ಜೊತೆಗೆ ಅವರಿಗೆ ಕಷ್ಟ ಬಂದದ್ದೂ ನಿಜ. 2009ರಲ್ಲಿ ಲಾಹೋರ್‌ನಲ್ಲಿ ಶ್ರೀಲಂಕಾ ಆಟಗಾರರ ಬಸ್ಸಿನ ಮೇಲೆ ದಾಳಿ ಆದ ಮೇಲೆ ಪಾಕಿಸ್ತಾನಕ್ಕೆ ವರ್ಷಗಟ್ಟಲೆ ತವರಿನ ಮೈದಾನವೇ ಇರಲಿಲ್ಲ. ಐಪಿಎಲ್ ಬಾಗಿಲು ಮೊದಲ ವರ್ಷ ಮಾತ್ರ ತೆರೆದಿತ್ತು. ಎರಡೇ ದೇಶಗಳ ಸರಣಿ 2013ರ ಜನವರಿಗೆ ಮುಗಿಯಿತು. ಅದನ್ನು ಗೆದ್ದದ್ದೂ ಅವರೇ, 2–1. ಅಲ್ಲಿಂದ ಈಚೆಗೆ ಆಡಿದ 12 ಏಕದಿನಗಳಲ್ಲಿ ನಾವು ಒಂಬತ್ತು, ಅವರು ಎರಡು, ಒಂದು ಮಳೆಗೆ. ನೀವು ನೋಡಿದ ಕ್ರಿಕೆಟ್ ಇದು. ಇದರಲ್ಲಿ ನಿಮ್ಮ ಊರಿನ ಪಾಲೂ ಉಂಟು. ಸುರತ್ಕಲ್‌ನಲ್ಲಿ ಶಾಲೆಗೆ ಹೋದ ಕೆ.ಎಲ್. ರಾಹುಲ್ 2023ರ ಏಷ್ಯಾ ಕಪ್‌ನಲ್ಲಿ, ಗಾಯದಿಂದ ಎದ್ದು ಬಂದ ಮೊದಲ ಮ್ಯಾಚಿನಲ್ಲೇ, ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಔಟಾಗದೆ 111 ಹೊಡೆದರು. ಟಾಸ್‌ಗೆ ಸ್ವಲ್ಪ ಮುಂಚೆ ಶ್ರೇಯಸ್ ಅಯ್ಯರ್‌ಗೆ ಬೆನ್ನು ಹಿಡಿದುಕೊಂಡದ್ದರಿಂದ ಸಿಕ್ಕ ಜಾಗ ಅದು. ಕೊಹ್ಲಿ ಜೊತೆ ಮುರಿಯದ 233 ರನ್, ಗೆಲುವು 228 ರನ್‌ಗಳಿಂದ. ಆ ರಾತ್ರಿ ನಿಮ್ಮ ಅಜ್ಜ ತೋಟಕ್ಕೆ ಹೋಗಿರಲಿಕ್ಕಿಲ್ಲ.

ಪಾಕಿಸ್ತಾನ ಗೆದ್ದ ಆ ಎರಡರಲ್ಲಿ ಒಂದು 2017ರ ಚಾಂಪಿಯನ್ಸ್ ಟ್ರೋಫಿ ಫೈನಲ್. ಫಖರ್ ಜಮಾನ್ ಬೇಗ ಕ್ಯಾಚ್ ಕೊಟ್ಟರು, ಬುಮ್ರಾ ಹಾಕಿದ್ದು ನೋಬಾಲ್. ಫಖರ್ 114 ಹೊಡೆದರು. ಮತ್ತೆ ಮೊಹಮ್ಮದ್ ಆಮಿರ್ ಬಂದು ರೋಹಿತ್, ಕೊಹ್ಲಿ, ಧವನ್ ಮೂವರನ್ನೂ ತೆಗೆದರು. 180 ರನ್‌ಗಳ ಸೋಲು. ನಿಮಗಾಗ ಹತ್ತು–ಹನ್ನೆರಡು ವಯಸ್ಸು, ನೆನಪಿಲ್ಲದಿದ್ದರೆ ಅಪ್ಪನಿಗೆ ಇರುತ್ತದೆ.

ಹೆಡ್ಡಿಂಗ್ ಹಾಗೇ ಇರಲಿ. 73–58 ಇರುವವರೆಗೆ ‘ಸಮಬಲ’ ಅನ್ನುವುದು ನಮಗೇ ಸ್ವಲ್ಪ ರಿಯಾಯಿತಿ.

ಇನ್ನು ಅಂಡರ್‌ಆರ್ಮ್. ಇದರಲ್ಲಿ ನಿಮ್ಮ ಪರ ನಾನು. ಟೆನಿಸ್ ಬಾಲು, ಸೊಂಟದ ಮಟ್ಟದಿಂದ ಬೀಸಿ ಎಸೆಯುವ ಬೌಲರ್, ಟ್ಯೂಬ್‌ಲೈಟ್ ಬೆಳಕು, ಬಿಡುವಿಲ್ಲದ ಮೈಕು, ಇದೆಲ್ಲ ಪತ್ರಿಕೆಗಳಲ್ಲಿ ಸರಿಯಾಗಿ ಬಂದೇ ಇಲ್ಲ. ಮಳೆ ಬಿಟ್ಟು ಸೀಸನ್ ಶುರುವಾದಾಗ ನೀವೇ ಒಂದು ಟೂರ್ನಮೆಂಟಿನ ವರದಿ ಬರೆದು ಕಳಿಸಿ. ಉದ್ಘಾಟನೆ ಮಾಡಿದವರು, ವೇದಿಕೆಯಲ್ಲಿ ಕೂತವರು ಅಂತ ಪಟ್ಟಿ ಬೇಡ, ಅಂಥದ್ದು ನಮಗೆ ಬೇಕಾದಷ್ಟು ಬರುತ್ತದೆ. ಫೈನಲ್‌ನ ಕೊನೆಯ ಓವರ್ ಯಾರು ಹಾಕಿದರು, ಎಷ್ಟು ಬೇಕಿತ್ತು, ಯಾವ ಚೆಂಡಿಗೆ ಎಂತ ಆಯಿತು, ಅದನ್ನು ಬರೆಯಿರಿ. ಸ್ಕೋರ್ ಪುಸ್ತಕದ ಒಂದು ಫೋಟೋ ಇದ್ದರೆ ಒಳ್ಳೆಯದು. ಎರಡು ಪುಟ ಕೊಡುತ್ತೇನೆ. ನಾಲ್ಕು ಆಗುವುದಿಲ್ಲ.