ಜಗಳ ಘಾಟಿಯಲ್ಲಿ ಬೇಡ, ಗ್ಯಾರೇಜಿನಲ್ಲಿ ಆಡಿ

ತೀರ್ಥಹಳ್ಳಿಯ ಓದುಗರೊಬ್ಬರು ಒಂದೇ ಪತ್ರದಲ್ಲಿ ಮೂರು ಸಿಟ್ಟು ಕಳಿಸಿದ್ದಾರೆ. ಶಿವಮೊಗ್ಗದಲ್ಲಿ ಕಾರು ಸರ್ವಿಸ್ ಮಾಡಿಸಿದರೆ ಬ್ರೇಕಿನ ಕಿರುಚಾಟ ಹಾಗೇ ಇದೆ, ಬಿಲ್ ಮಾತ್ರ ದಪ್ಪ. ಆಗುಂಬೆ ಘಾಟಿಯಲ್ಲಿ ಹಿಂದಿನವರ ಹಾರ್ನ್ ನಿಲ್ಲುವುದಿಲ್ಲ. ಬಾಡಿಗೆ ಮನೆಗೆ ಸೋಲಾರ್ ಇದೆ, ಮಳೆಗಾಲದಲ್ಲಿ ಬಿಸಿನೀರಿಲ್ಲ. "ಎಲ್ಲ ಕಡೆ ಜಗಳ ಆಡ್ತಾ ಬದುಕೋದು ಹೇಗೆ?" ಅಂತ ಕೇಳಿದ್ದಾರೆ.

ಎಲ್ಲ ಕಡೆ ಆಡಬೇಡಿ ಸ್ವಾಮಿ. ಗ್ಯಾರೇಜಿನಲ್ಲಿ ಖಂಡಿತ ಆಡಿ. ನೀವು ಕಳಿಸಿದ ಬಿಲ್ ನೋಡಿದೆ. ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎಸಿ ವಾಸನೆಗೊಂದು ಸ್ಪ್ರೇ, ಇಲಿಗೊಂದು ಸ್ಪ್ರೇ. (ಅಡಿಕೆ ಸಿಪ್ಪೆ ರಾಶಿಯ ಪಕ್ಕ ಕಾರು ನಿಲ್ಲಿಸುವ ನಮ್ಮ ಕಡೆ ಇಲಿ ವೈರ್ ಕಡಿಯುವುದು ಸುಳ್ಳಲ್ಲ. ಆ ಸ್ಪ್ರೇಗೆ ಅವು ಹೆದರುತ್ತವೆ ಅನ್ನೋದನ್ನು ಮಾತ್ರ ನಾನು ನಂಬುವುದಿಲ್ಲ.) ಯಾವಾಗ ಏನು ಬದಲಿಸಬೇಕು ಅನ್ನುವ ಪಟ್ಟಿ ಕಾರಿನ ಜೊತೆ ಬಂದ ಪುಸ್ತಕದಲ್ಲೇ ಇರುತ್ತದೆ. ಅದರಲ್ಲಿ ಇಲ್ಲದ್ದಕ್ಕೆ ಕಾರಣ ಕೇಳಿ. ಬ್ರೇಕ್ ಫ್ಲೂಯಿಡ್‌ಗೂ (ಬ್ರೇಕಿನ ಎಣ್ಣೆ) ದುಡ್ಡು ಹಾಕಿದರು ಅಂತ ಬೈದಿದ್ದೀರಿ, ಆದರೆ ಅದೊಂದು ಖರ್ಚು ಮಾತ್ರ ನ್ಯಾಯವಾದದ್ದೇ. ಆ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ, ತೇವ ಸೇರಿದರೆ ಬೇಗ ಕುದಿಯುತ್ತದೆ, ಇಳಿಜಾರಿನಲ್ಲಿ ಒಂದೇ ಸಮ ಒತ್ತಿ ಬ್ರೇಕ್ ಕಾದಾಗ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ಸುಮಾರು 2 ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಅದಕ್ಕೇ.

ಮುಂದಿನ ಸಲ ಕಾರು ಬಿಡುವಾಗ ಗ್ಯಾರೇಜಿನವರು ಬರೆಯುವ ಜಾಬ್ ಕಾರ್ಡ್‌ನಲ್ಲಿ ಬ್ರೇಕ್ ಸದ್ದಿನ ವಿಷಯ ಬರೆಸಿ, ಅಂದಾಜು ಮೊತ್ತ ಬರೆಸಿ, ಕೇಳದೆ ಹೆಚ್ಚಿನ ಕೆಲಸ ಮಾಡಬಾರದು ಅಂತಲೂ ಬರೆಸಿ. ಬಿಚ್ಚಿದ ಹಳೇ ಬ್ರೇಕ್ ಪ್ಯಾಡ್ ವಾಪಸ್ ಕೇಳಿ, ಸವೆದಿತ್ತೋ ಇಲ್ಲವೋ ನಿಮಗೇ ಕಾಣುತ್ತದೆ. ಈಗಿನ ಬಿಲ್ಲಿನ ಬಗ್ಗೆ ಮೊದಲು ಅವರಿಗೇ ಬರೆದು ಕೊಡಿ. ಕಿವಿಗೆ ಹಾಕಿಕೊಳ್ಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಆಗದಿದ್ದರೆ ಶಿವಮೊಗ್ಗದಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ, 2 ವರ್ಷದೊಳಗೆ ಹಾಕಬೇಕು ಅಷ್ಟೇ.

ಘಾಟಿಯಲ್ಲಿ ಮಾತ್ರ ಸೋತುಬಿಡಿ. ರಸ್ತೆ ಕಿರಿದಾದ ಕಡೆ ಇಳಿಯುವ ಗಾಡಿ ಹತ್ತುವ ಗಾಡಿಗೆ ದಾರಿ ಬಿಡಬೇಕು ಅಂತ ನಿಯಮವೇ ಇದೆ, ಆದರೆ ನಿಯಮ ನನ್ನ ಕಡೆ ಇದೆ ಅಂತ ಹಟ ಹಿಡಿಯುವ ಜಾಗವಲ್ಲ ಆ 14 ತಿರುವುಗಳು. ಹಿಂದಿನವನು ಲೈಟ್ ಹೊಡೆದರೆ ಅಗಲ ಸಿಕ್ಕ ಕಡೆ ಎಡಕ್ಕೆ ಸರಿಯಿರಿ. "ನಿಧಾನಕ್ಕೆ ಹೋಗೋದೇ ತಪ್ಪು ಅನ್ನೋ ಹಾಗೆ ನೋಡ್ತಾರೆ" ಅಂದಿದ್ದೀರಿ. ನೋಡಲಿ ಬಿಡಿ. ನಿಜಕ್ಕೂ ಅಪಾಯ ತಂದವನ ನಂಬರ್ ನೆನಪಿಟ್ಟುಕೊಂಡು, ಕೆಳಗಿಳಿದು ಗಾಡಿ ನಿಲ್ಲಿಸಿ 112ಕ್ಕೆ ಹೇಳಿ.

ಇನ್ನು ಬಿಸಿನೀರು. ಬಚ್ಚಲಲ್ಲಿ ಹಂಡೆ ಒಲೆ ಇದೆಯಲ್ಲ ಅಂತಾರಂತೆ ನಿಮ್ಮ ಮಾಲೀಕರು. ತೋಟ ಇದ್ದವರಿಗೆ ಸೋಗೆ, ಹಾಳೆ ಎಲ್ಲ ಸಿಗುತ್ತದೆ. ಬಾಡಿಗೆಯವರು ಜುಲೈನಲ್ಲಿ ಒಣ ಸೌದೆ ಎಲ್ಲಿಂದ ತರಬೇಕು? ಸೋಲಾರ್ ಟ್ಯಾಂಕಿಗೆ ಸಾಮಾನ್ಯವಾಗಿ ಕರೆಂಟ್ ಕಾಯಿಲ್ ಹಾಕಿಸಬಹುದು. ಕಾಯಿಲ್ ಇದ್ದೂ ವೈರ್ ಬಿಚ್ಚಿಟ್ಟಿರುವುದೂ ಉಂಟು, ಎಲೆಕ್ಟ್ರಿಷಿಯನ್ ಕರೆದು ನೋಡಿಸಿ. 2 ಕಿಲೋವ್ಯಾಟ್ ಕಾಯಿಲ್ ದಿನಾ ಒಂದು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್. ಮೀಟರ್ ಬಿಲ್ ಕಟ್ಟುವವರು ನೀವೇ ಅಂದಮೇಲೆ ಅವರಿಗೇನು ನಷ್ಟ, ಅಲ್ವಾ? ಬಕೆಟ್ಟಿಗೆ ರಾಡ್ ಇಳಿಬಿಡುವ ಕೆಲಸ ಮಾತ್ರ ಒದ್ದೆ ಬಚ್ಚಲಲ್ಲಿ ಬೇಡವೇ ಬೇಡ.

ಕರಾರು ಮತ್ತೆ ಬರೆಸುವುದು ಸೆಪ್ಟೆಂಬರಿನಲ್ಲಿ ಅಂದಿದ್ದೀರಿ. ಅಲ್ಲಿಯವರೆಗೆ ಕಾಯಬೇಡಿ, ಆರಿದ್ರಾ ಮಳೆ ಹಿಡಿಯುವ ಮೊದಲೇ ಮಾತಾಡಿ. ಕಾಯಿಲ್ ದುಡ್ಡು ನಾನು ಹಾಕ್ತೇನೆ, ಬಾಡಿಗೆಯಲ್ಲಿ ಮುರಿದುಕೊಳ್ಳಿ ಅನ್ನಿ. ಒಪ್ಪಿದರೆ ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ.